ನಂಜಪ್ಪನವರ ಟವೆಲು

ನಂಜಪ್ಪನವರ ಟವೆಲಿನ ಒಂದು ಮೂಲೆಯಲ್ಲಿ ಕೆಂಪು ದಾರದ ಮೂರು ಹೊಲಿಗೆಗಳಿದ್ದವು. ಒಂದೊಂದೂ ಅಕ್ಕಿಕಾಳಿನಷ್ಟು ಉದ್ದ. ಮೂರನೆಯದು ಸ್ವಲ್ಪ ಓರೆ. ಟವೆಲು ಹರಿದು ಹೊಸದು ಕೊಂಡಾಗಲೂ ಅದೇ ಮೂಲೆಗೆ ಅದೇ ಮೂರು ಹೊಲಿಗೆ ಬೀಳುತ್ತಿದ್ದವು, ಓರೆಯಾದದ್ದೂ ಸೇರಿ. ಸೂಜಿದಾರವನ್ನು ಅವರು ಖಾಕಿ ಟೋಪಿಯ ಒಳಮಡಿಕೆಯಲ್ಲಿ ಇಟ್ಟುಕೊಂಡಿರುತ್ತಿದ್ದರು.

ಬಾವಿಗೆ ಇಳಿಯುವ ಮೊದಲು ಆ ಟವೆಲನ್ನು ಹೆಗಲಿನಿಂದ ತೆಗೆದು, ಕಟ್ಟೆಯ ಮೇಲಿದ್ದ ಕಬ್ಬಿಣದ ಕೈಚಕ್ರದ ಮೇಲೆ ಹಾಕುತ್ತಿದ್ದರು. ಮಡಿಸುತ್ತಿರಲಿಲ್ಲ, ಎಸೆದ ಹಾಗೆ ಹಾಕುವುದು. ಕೆಲಸ ಮುಗಿಸಿ ಮೇಲೆ ಬಂದ ಮೇಲೆ ತಾವೇ ತೆಗೆದು, ಮುಖ ಒರೆಸಿಕೊಂಡು, ಹೆಗಲಿಗೆ ಹಾಕಿಕೊಳ್ಳುವುದು. ದಿನಕ್ಕೆ ಐದಾರು ಸಲ. ಬೇರೆ ಯಾರಾದರೂ ಆ ಟವೆಲನ್ನು ಮುಟ್ಟಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಮುಟ್ಟಿದವಳು ನಾನೇ.

ಬಾವಿ ಎಂದರೆ ನೀರು ಸೇದುವ ಬಾವಿಯಲ್ಲ. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಸಿಗುತ್ತಿದ್ದ ಒಂದು ಪರೀಕ್ಷಾ ಕೇಂದ್ರದಲ್ಲಿ ನಾನು ಕೆಲಸಕ್ಕಿದ್ದೆ. ದೊಡ್ಡ ಪಂಪುಗಳಿಗೂ ವಾಲ್ವುಗಳಿಗೂ ಭಾರೀ ಒತ್ತಡದ ನೀರು ಹಾಯಿಸಿ, ಅವು ತಾಳುತ್ತವೆಯೇ ಸೀಳುತ್ತವೆಯೇ ಎಂದು ನೋಡುವುದು ಅಲ್ಲಿನ ಕೆಲಸ. ಅದಕ್ಕಾಗಿ ಹದಿನೈದು ಅಡಿ ಆಳದ ಸಿಮೆಂಟಿನ ಬಾವಿಯೊಂದನ್ನು ತೋಡಿದ್ದರು. ಒಳಗೆ ತೊಡೆಗಾತ್ರದ ಪೈಪು, ಗೋಡೆಗೆ ಕಬ್ಬಿಣದ ಏಣಿ. ಪೈಪಿಗೆ ನೀರು ನುಗ್ಗಲು ಎರಡು ದಾರಿ. ಒಂದು, ಕಟ್ಟೆಯ ಮೇಲಿನ ಕೈಚಕ್ರ. ಇನ್ನೊಂದು, ಕಂಪ್ಯೂಟರು ತಾನಾಗಿಯೇ ತೆರೆದು ಮುಚ್ಚುವ ವಾಲ್ವು. ಒಂದು ಪರೀಕ್ಷೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಯಾರಾದರೂ ಇಳಿದು ಪೈಪಿನ ಕೂಡುಗಳನ್ನು ನೋಡಬೇಕು, ಸವೆದ ವಾಷರುಗಳನ್ನು ಬದಲಿಸಬೇಕು. ಇಳಿಯುವವನು ಕಟ್ಟೆಯ ಮೇಲೆ ಒಂದು ಸ್ವಿಚ್ಚು ಹಾಕುತ್ತಾನೆ. ಹಸಿರು ದೀಪ ಹತ್ತಿದರೆ, ಅವನು ಮೇಲೆ ಬಂದು ಸ್ವಿಚ್ಚು ಆರಿಸುವ ತನಕ ಕಂಪ್ಯೂಟರು ವಾಲ್ವು ತೆರೆಯುವುದಿಲ್ಲ ಎಂದು ಅರ್ಥ. ಇಪ್ಪತ್ತು ವರ್ಷಗಳಿಂದ ಇಳಿಯುತ್ತಿದ್ದವರು ನಂಜಪ್ಪ. ಕಂಪ್ಯೂಟರು ಬಂದು ಮೂರು ವರ್ಷವಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೆಂಗಳೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ದೊಡ್ಡಬಳ್ಳಾಪುರದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡು ನಾನು ಕೆಲಸಕ್ಕೆ ಹೋಗಿಬರುತ್ತಿದ್ದೆ. ಪ್ರೊಬೇಷನ್ನಿನಲ್ಲಿದ್ದೆ. ಕೇಂದ್ರದಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ. ಹೆಚ್ಚು ಮಾತಾಡುವುದು ನನಗೆ ಆಗಲೂ ಆಗುತ್ತಿರಲಿಲ್ಲ. ಕಂಪ್ಯೂಟರಿನ ಕೋಣೆಯೇ ನನ್ನ ಜಾಗ. ಅದರ ಕಿಟಕಿಯಿಂದ ಬಾವಿಯ ಕಟ್ಟೆ ಕಾಣುತ್ತಿತ್ತು.

ನಂಜಪ್ಪ ಆ ಕೋಣೆಗೆ ಬರುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಹಾಗೆಂದು ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ಒಮ್ಮೆ ಕೆಮ್ಮಿ, ನಾನು ತಲೆಯೆತ್ತಿದ ಮೇಲೆಯೇ ಒಳಗೆ ಬರುವುದು. ಕಂಪ್ಯೂಟರು ಆಳೆತ್ತರದ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆಯಾಗಿದ್ದುದರಿಂದ ಅವರಿಗೆ ಅದು ಬಟ್ಟೆಯಿಡುವ ಬೀರು.

"ಏನಂತೈತೆ ಅಮ್ಮಾವ್ರೇ ಬೀರು?" ಎನ್ನುವುದು ಬೆಳಗಿನ ಪ್ರಶ್ನೆ.

"ಚೆನ್ನಾಗಿದೆ ನಂಜಪ್ಪನವರೇ."

"ಚೆಂದಾಗಿರ್ಲಿ. ಅದರ ಮರ್ಜಿ ಮ್ಯಾಲೆ ನಮ್ಮ್ ಬಾಳಾಟ."

ದೇವನಹಳ್ಳಿ ಕಡೆಗೆ ಕೊಟ್ಟಿದ್ದ ಮಗಳ ಮನೆಯಿಂದ ಬಂದಾಗಲೆಲ್ಲ ನನಗೊಂದು ಚಕ್ಕೋತ ತರುತ್ತಿದ್ದರು. ಒಂದು ಎಳೆ ಬಿಳಿನಾರೂ ಉಳಿಯದ ಹಾಗೆ ಸುಲಿದು, ತೊಳೆಗಳನ್ನು ಪತ್ರಿಕೆಯ ಹಾಳೆಯಲ್ಲಿ ಜೋಡಿಸಿ ಮೇಜಿನ ಮೇಲಿಡುವುದು. ಇಷ್ಟು ಒಪ್ಪವಾಗಿ ಹಣ್ಣು ಸುಲಿಯುವ ಮನುಷ್ಯ ಟವೆಲನ್ನೇಕೆ ಹಾಗೆ ಎಸೆಯುತ್ತಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಅವರ ಇನ್ನೊಂದು ಅಭ್ಯಾಸ, ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು ಪೈಪಿನ ಮೇಲೆ ಅಂಗೈ ಇಡುವುದು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಒಂದು ಕ್ಷಣ. ಅವರ ಜೊತೆ ಇಳಿಯುತ್ತಿದ್ದ ಫಿಟ್ಟರ್ ಮುನಿರಾಜುವಿಗೆ ಅದು ದೊಡ್ಡ ತಮಾಷೆ. ಮುನಿರಾಜುವಿಗೆ ಆಗ ಮೂವತ್ತರ ಆಸುಪಾಸು, ಎರಡು ಮಕ್ಕಳು, ಬಾಯಿ ಬಹಳ.

"ಪೈಪ್ ಏನಂತಣ್ಣೋ? ಬಸುರಂತಾ?"

"ನಿನ್ನಂಗೇ ಬರೀ ಗಾಳಿ ಅಂತು ಕಣ್ಲಾ. ಇಳಿ ಇಳಿ."

ನಾನು ಸೇರಿದ ಮೊದಲ ತಿಂಗಳು. ಒಂದು ಮಧ್ಯಾಹ್ನ ಒತ್ತಡ ಅಳೆಯುವ ಮುಳ್ಳನ್ನು ನೋಡಲು ಕಟ್ಟೆಯ ಬಳಿಗೆ ಹೋದೆ. ಚಕ್ರದ ಮೇಲೆ ಟವೆಲು ಮುದ್ದೆಯಾಗಿ ಬಿದ್ದಿತ್ತು, ಒಂದು ತುದಿ ಗ್ರೀಸಿಗೆ ತಾಗುತ್ತಿತ್ತು. ಮುದ್ದೆಯಾದ ಬಟ್ಟೆಯನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗದು. ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಪಕ್ಕದ ಬೆಂಚಿನ ಮೇಲಿಟ್ಟೆ. ಅಷ್ಟರಲ್ಲಿ ಬಾವಿಯಿಂದ ನಂಜಪ್ಪನವರ ತಲೆ ಕಾಣಿಸಿತು. ಬರಿದಾದ ಚಕ್ರವನ್ನು ಕಂಡದ್ದೇ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. "ಯಾರದು! ಯಾರ್ ತೆಗ್ದಿದ್ದು!" ಎಂದು ಕೂಗಿದ ಕೂಗಿಗೆ ಶೆಡ್ಡಿನವರೆಲ್ಲ ಹೊರಗೆ ಬಂದರು. ನನ್ನನ್ನು ನೋಡಿದ ಮೇಲೆ ದನಿ ತಗ್ಗಿತು. "ಅದುನ್ನ ನಾನು ಮಡಗಿದ್ದು ಅಮ್ಮಾವ್ರೇ. ನಾನೇ ತೆಗೀಬೇಕು," ಎಂದಷ್ಟೇ ಹೇಳಿ ಟವೆಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಹೋದರು.

ಎಲ್ಲರೆದುರು ಹಾಗೆ ಕೂಗಿಸಿಕೊಂಡದ್ದು ನನಗೆ ಬಹಳ ದಿನ ಚುಚ್ಚುತ್ತಿತ್ತು. ಮುಂದೆ ನಡೆದದ್ದರಲ್ಲಿ ಆ ಚುಚ್ಚುವಿಕೆಯ ಪಾಲೂ ಇದೆ. ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಕಂಪ್ಯೂಟರಿನ ಪ್ರೋಗ್ರಾಮನ್ನು ಬರೆದವರು ವಾಸುದೇವ ರಾವ್ ಎನ್ನುವವರು. ನಾನು ಸೇರುವ ತಿಂಗಳೇ ಅವರು ಹೈದರಾಬಾದಿಗೆ ವರ್ಗವಾಗಿ ಹೋಗಿದ್ದರು. ಅವರನ್ನು ನಾನು ನೋಡಿಲ್ಲ. ನೋಡಿದ್ದು ಪ್ರೋಗ್ರಾಮಿನ ಸಾಲುಗಳ ಪಕ್ಕದಲ್ಲಿ ಅವರು ಬರೆದಿಟ್ಟ ಟಿಪ್ಪಣಿಗಳನ್ನು. ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲ. ಮುಂದೆ ಆ ಪ್ರೋಗ್ರಾಮನ್ನು ಓದುವ ಮನುಷ್ಯರಿಗಾಗಿ ಅದು. ರಾಯರು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದಲ್ಲೇ ಬರೆದಿದ್ದರು. "ಈ ಸಂಖ್ಯೆ ಏಳೇ ಏಕೆ ಎಂದು ಕೇಳಬೇಡಿ. ಆರು ಸಾಲದು." "ಇಲ್ಲಿ ಅವಸರ ಮಾಡಿದವನು ನಾನೇ." "ನಂಜಪ್ಪ ಕೆಮ್ಮಿದರು. ಊಟಕ್ಕೆ ಎದ್ದೆ. ಮಿಕ್ಕದ್ದು ನಾಳೆ." ಇಬ್ಬರೂ ಶೆಡ್ಡಿನ ಹಿಂದೆ ಹೊಂಗೆ ಮರದ ಕೆಳಗೆ ಕೂತು ಊಟ ಮಾಡುತ್ತಿದ್ದರಂತೆ. ಬರೆದದ್ದನ್ನೆಲ್ಲ ರಾಯರು ನಂಜಪ್ಪನವರಿಗೆ ಓದಿ ಹೇಳುತ್ತಿದ್ದರಂತೆ.

ದೆಹಲಿಯಿಂದ ಪರಿಶೀಲನಾ ಸಮಿತಿ ಬರುತ್ತದೆ ಎಂದಾಗ ನಮ್ಮ ಸೂಪರಿಂಟೆಂಡೆಂಟರು ಆ ಪ್ರೋಗ್ರಾಮನ್ನು ಅಚ್ಚು ಹಾಕಿದ್ದ ಕಾಗದದ ಸುರುಳಿಯನ್ನು ನನ್ನ ಮೇಜಿನ ಮೇಲೆ ಹಾಕಿದರು. "ಇದನ್ನ ಚೊಕ್ಕಟ ಮಾಡಮ್ಮ. ಸಾಲೆಲ್ಲ ಒಂದೇ ಅಂಚಿಗೆ ಬರಬೇಕು. ಟಿಪ್ಪಣಿ ಇಂಗ್ಲಿಷಲ್ಲಿ, ಚಿಕ್ಕದಾಗಿ. ಯಾರ ಹೆಸರೂ ಇರಕೂಡದು. ಇದೇನು ಪ್ರೋಗ್ರಾಮೋ, ಮದುವೆಮನೆ ಪಟ್ಟಿಯೋ?"

ಆ ಕೆಲಸ ನನಗೆ ಬಹಳ ಇಷ್ಟವಾಯಿತು. ಎರಡು ತಿಂಗಳು ಕೂತು ಸಾಲುಗಳನ್ನು ಒಪ್ಪವಾಗಿ ಜೋಡಿಸಿದೆ. ಒಂದೇ ವಸ್ತುವಿಗೆ ಮೂರು ಕಡೆ ಮೂರು ಹೆಸರಿದ್ದರೆ ಒಂದೇ ಹೆಸರಿಟ್ಟೆ. ರಾಯರ ಮಾತುಗಳನ್ನು ಒಂದೊಂದಾಗಿ ತೆಗೆದು, ಅವುಗಳ ಜಾಗದಲ್ಲಿ ಎರಡೆರಡು ಪದದ ಶುದ್ಧ ಇಂಗ್ಲಿಷ್ ಟಿಪ್ಪಣಿ ಬರೆದೆ. ಹೀಗೆ ಹೋಗುತ್ತ ಹೋಗುತ್ತ ದೀಪ ಹತ್ತಿಸುವ ಭಾಗಕ್ಕೆ ಬಂದೆ. ಅಲ್ಲಿ ನಾಲ್ಕು ಸಾಲುಗಳಿದ್ದವು. ಬೇರೆ ಕೆಲಸಗಳನ್ನೆಲ್ಲ ತಡೆ. ವಾಲ್ವನ್ನು ನೋಡು. ತೆರೆದಿದ್ದರೆ ಹಿಂದಕ್ಕೆ ಹೋಗು. ದೀಪ ಹತ್ತಿಸಿದ ಮೇಲೆ ತಡೆ ತೆಗೆ. ಪಕ್ಕದಲ್ಲಿ ಎರಡೇ ಪದದ ಟಿಪ್ಪಣಿ: "ನಂಜಪ್ಪನವರ ಟವೆಲು."

ಹತ್ತು ಸಾಲು ಮೇಲೆ ಅದೇ ವಾಲ್ವನ್ನು ಆಗಲೇ ನೋಡಿ, ಮುಚ್ಚಿದೆ ಎಂದು ಖಾತ್ರಿ ಮಾಡಿಕೊಂಡಾಗಿತ್ತು. ಮತ್ತೆ ನೋಡುವುದೇಕೆ? ಊಟದ ಹೊತ್ತಿಗೆ ಎದ್ದುಹೋದ ರಾಯರು ಬಂದು ಮರೆತು ಎರಡನೆಯ ಸಲ ಬರೆದಿದ್ದಾರೆ ಎಂದುಕೊಂಡೆ. ಟವೆಲು ಎಂಬ ಪದವನ್ನು ಕಂಡಾಗ ಕಟ್ಟೆಯ ಬಳಿಯ ಆ ಮಧ್ಯಾಹ್ನ ನೆನಪಾಯಿತು, ಮುಖ ಬಿಸಿಯಾಯಿತು. ಟಿಪ್ಪಣಿಯ ಮೇಲೆ ಒಂದು ಗೀಟು ಎಳೆದೆ. ಗೀಟು ಅಲ್ಲಿಗೇ ನಿಲ್ಲಲಿಲ್ಲ. ನಾಲ್ಕೂ ಸಾಲುಗಳ ಮೇಲೆ ಹಾಯಿತು. ನಮ್ಮ ಯಂತ್ರಕ್ಕೆ ನೆನಪಿನ ಜಾಗ ಬಹಳ ಕಡಿಮೆ. ನಾಲ್ಕು ಸಾಲು ಉಳಿಸಿದ್ದಕ್ಕೆ ಸೂಪರಿಂಟೆಂಡೆಂಟರು ಮೆಚ್ಚಿ ಮಾತಾಡಿದರು. ಇಪ್ಪತ್ತು ಸಲ ಓಡಿಸಿ ನೋಡಿದೆವು. ಇಪ್ಪತ್ತು ಸಲವೂ ದೀಪ ಸರಿಯಾಗಿ ಹತ್ತಿತು.

ಸುಮಾರು ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಹತ್ತು ಗಂಟೆಗೆ ನಂಜಪ್ಪನವರೂ ಮುನಿರಾಜುವೂ ವಾಷರು ಬದಲಿಸಲು ಬಾವಿಯ ಬಳಿಗೆ ಬಂದರು. ಕಿಟಕಿ ತೆರೆದಿದ್ದುದರಿಂದ ಅವರ ಮಾತು ನನಗೆ ಕೇಳಿಸುತ್ತಿತ್ತು.

"ಹಸಿರು ಬಂತು ನಂಜಪ್ಪಣ್ಣ. ನಿನ್ನ ಟವೆಲ್ ಪೂಜೆ ಮುಗೀತಾ?"

"ಮುಗೀತು ಕಣ್ಲಾ. ಏನವಸರ, ಎಂಡ್ರು ಕಾಯ್ತಾ ಕುಂತವ್ಳಾ?"

ಮುನಿರಾಜು ನಗುತ್ತ ಮೊದಲು ಇಳಿದ, ನಂಜಪ್ಪ ಅವನ ಹಿಂದೆ ಏಣಿಗೆ ಕಾಲಿಟ್ಟರು. ನಾನು ಕಾಗದದ ಕಡೆ ತಿರುಗಿದೆ. ಆಗ ನಂಜಪ್ಪನವರ ದನಿ ಕೇಳಿತು. ಕೂಗಲ್ಲ, ತಗ್ಗಿದ ದನಿ.

"ಹತ್ತು. ಹತ್ಲಾ ಮ್ಯಾಕೆ. ಪೈಪು ಉಸ್ರಾಡ್ತೈತೆ."

"ಏನಣ್ಣ ನೀನು, ಬೆಳಬೆಳಿಗ್ಗೇನೇ—"

"ಹತ್ತೋ!"

ನಾನು ಕಿಟಕಿಗೆ ಬರುವಷ್ಟರಲ್ಲಿ ಅವರು ಮುನಿರಾಜುವಿನ ಅಂಗಿಯ ಕೊರಳಪಟ್ಟಿ ಹಿಡಿದು ಕಟ್ಟೆಯ ಈಚೆಗೆ ಎಳೆದು ಹಾಕಿದ್ದರು. ಇಬ್ಬರೂ ನೆಲದ ಮೇಲೆ ಬಿದ್ದಿದ್ದರು. ಅದೇ ಗಳಿಗೆಗೆ ಬಾವಿಯೊಳಗಿಂದ ಸದ್ದು ಬಂತು. ಅಂದು ಬದಲಿಸಬೇಕಾಗಿದ್ದ ವಾಷರೇ ಸೀಳಿತ್ತು. ನೀರು ಒಂದು ಕಂಬಿಯ ಹಾಗೆ ಹೊರಟು ಏಣಿಯ ಮೇಲೆ ಬಿತ್ತು. ಒತ್ತಡ ಕುಸಿದದ್ದನ್ನು ಕಂಡು ಕಂಪ್ಯೂಟರು ಕೂಡಲೇ ವಾಲ್ವು ಮುಚ್ಚಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಎಲ್ಲ ಸೇರಿ ನಾಲ್ಕೈದು ಸೆಕೆಂಡು. ಆಮೇಲೆ ನೋಡಿದರೆ ಮುನಿರಾಜು ನಿಂತಿದ್ದ ಎತ್ತರಕ್ಕೆ ಸರಿಯಾಗಿ ಏಣಿಯ ಎರಡು ಸಲಾಕೆಗಳು ಬಗ್ಗಿದ್ದವು, ಹಿಂದಿನ ಸಿಮೆಂಟು ಬೊಗಸೆಯಷ್ಟು ಕಿತ್ತುಹೋಗಿತ್ತು. ಮುನಿರಾಜು ಅದನ್ನು ಬಗ್ಗಿ ನೋಡಿ, ಸ್ವಲ್ಪ ದೂರ ಹೋಗಿ ವಾಂತಿ ಮಾಡಿಕೊಂಡ. ಹಸಿರು ದೀಪ ಇನ್ನೂ ಉರಿಯುತ್ತಿತ್ತು.

ಸೂಪರಿಂಟೆಂಡೆಂಟರು ಬಂದರು. ಕಂಪ್ಯೂಟರಿಗೆ ಜೋಡಿಸಿದ್ದ ಟೆಲಿಪ್ರಿಂಟರು ನಿಮಿಷಕ್ಕೊಮ್ಮೆ ಮಾತ್ರ ವಾಲ್ವಿನ ಸ್ಥಿತಿಯನ್ನು ಕಾಗದದ ಮೇಲೆ ಬರೆಯುತ್ತಿತ್ತು. ಎರಡು ನಿಮಿಷಗಳ ನಡುವೆ ನಡೆದದ್ದು ಅದರಲ್ಲಿ ಇರಲಿಲ್ಲ. ಕಾಗದದ ಪ್ರಕಾರ ವಾಲ್ವು ತೆರೆದೇ ಇರಲಿಲ್ಲ. ಉಳಿದದ್ದು ಕೈಚಕ್ರ.

"ನಂಜಪ್ಪ, ಚಕ್ರ ತಿರುಗಿಸಿ ಮರ್ತಿದ್ದೀಯ. ಆಮೇಲೆ ಗಾಬರಿಯಾಗಿ ಮುಚ್ಚಿದ್ದೀಯ."

"ಇಲ್ಲ ಬುದ್ಧಿ. ಟವೆಲ್ ಮಡಗಿದ್ದೆ."

"ಹೌದು ಸಾರ್, ಟವೆಲ್ ಇತ್ತು," ಎಂದ ಮುನಿರಾಜು.

"ಟವೆಲ್ ಬಂದು ಸಾಕ್ಷಿ ಹೇಳುತ್ತೇನಯ್ಯ?" ಎಂದು ಅವರು ನನ್ನ ಕಡೆ ತಿರುಗಿದರು. "ಏನಮ್ಮ, ಪ್ರೋಗ್ರಾಮಲ್ಲಿ ಏನಾದ್ರೂ ಲೋಪ ಇದೆಯಾ?"

"ಇಲ್ಲ ಸಾರ್," ಎಂದೆ. ಸುಳ್ಳಲ್ಲ. ಆ ಕ್ಷಣದಲ್ಲಿ ನಾನು ಹಾಗೆಯೇ ನಂಬಿದ್ದೆ.

ನಂಜಪ್ಪನವರ ನಿವೃತ್ತಿಗೆ ಆರು ತಿಂಗಳಿತ್ತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ, ನಾಲ್ಕು ಗಂಟೆಯ ಬಸ್ಸಿಗೆ ಮನೆಗೆ ಹೋಗು ಎಂದು ಆಜ್ಞೆಯಾಯಿತು. ಏಣಿಯನ್ನು ಸಂಜೆಯೊಳಗೆ ಸರಿಮಾಡಿ, ನಾಳೆ ಒಂಬತ್ತಕ್ಕೆ ಮುನಿರಾಜು ಒಬ್ಬನೇ ಇಳಿಯಬೇಕು. ಸಮಿತಿ ಬರುವ ಮೊದಲು ಪರೀಕ್ಷೆ ಮುಗಿಯಲೇಬೇಕು. ಹೊರಡುವಾಗ ಸೂಪರಿಂಟೆಂಡೆಂಟರು ಜವಾನನಿಗೆ, "ಮೊದಲು ಆ ಕೊಳಕು ಬಟ್ಟೆ ತೆಗಿ ಅಲ್ಲಿಂದ," ಎಂದರು. ಜವಾನ ಕೈ ಚಾಚಿದ.

"ಮುಟ್ಬ್ಯಾಡ," ಎಂದರು ನಂಜಪ್ಪ. "ನಂಜಪ್ಪನ ಟವೆಲು ನಂಜಪ್ಪನೇ ತೆಗೀತಾನೆ."

ಗೀಟು ಎಳೆದ ಆ ಎರಡು ಪದಗಳು ನನಗೆ ಆಗ ನೆನಪಾದವು.

ಕೋಣೆಗೆ ಹೋಗಿ ಹಳೆಯ ಸುರುಳಿಯನ್ನು ಹೊರತೆಗೆದೆ. ನನ್ನ ಪ್ರೋಗ್ರಾಮನ್ನು ಪಕ್ಕದಲ್ಲಿ ಬಿಡಿಸಿದೆ. ನಮ್ಮ ಕಂಪ್ಯೂಟರಿಗೆ ನಾಲ್ಕು ಕೆಲಸ: ಒತ್ತಡ ಅಳೆಯುವುದು, ವಾಲ್ವು ತೆರೆದು ಮುಚ್ಚುವುದು, ದೀಪ ಹತ್ತಿಸುವುದು, ಕಾಗದದ ಮೇಲೆ ಬರೆಯುವುದು. ನಾಲ್ಕನ್ನೂ ಒಟ್ಟಿಗೆ ಮಾಡುವಂತೆ ಕಂಡರೂ ಅದು ಒಂದು ಸಲಕ್ಕೆ ಒಂದನ್ನೇ ಮಾಡುವುದು. ಒಂದನ್ನು ಎಲ್ಲೋ ನಡುವೆ ನಿಲ್ಲಿಸಿ ಇನ್ನೊಂದಕ್ಕೆ ಹಾರುತ್ತದೆ, ಮತ್ತೆ ಬಂದು ಮೊದಲನೆಯದನ್ನು ಬಿಟ್ಟಲ್ಲಿಂದ ಹಿಡಿಯುತ್ತದೆ. ಬಿಟ್ಟುಹೋದ ಹೊತ್ತಿನಲ್ಲಿ ಏನು ಬದಲಾಯಿತೆಂದು ಆ ಮೊದಲನೆಯ ಕೆಲಸಕ್ಕೆ ತಿಳಿಯದು. ಇದು ನನಗೆ ಪಾಠದಂತೆ ಬಾಯಿಗೆ ಬರುತ್ತಿತ್ತು. ಪೆನ್ಸಿಲು ಹಿಡಿದು, ನಾನೇ ಯಂತ್ರವಾದಂತೆ, ಪ್ರತಿ ಸಾಲಿನ ನಡುವೆಯೂ ಕೆಲಸ ಬದಲಿಸುತ್ತ ಬಂದೆ. ದೀಪದ ಕೆಲಸ ವಾಲ್ವನ್ನು ನೋಡುತ್ತದೆ: ಮುಚ್ಚಿದೆ. ಸರಿಯಾಗಿ ಅಲ್ಲಿ ಅದನ್ನು ನಿಲ್ಲಿಸಿದೆ. ವಾಲ್ವಿನ ಕೆಲಸಕ್ಕೆ ಸರದಿ ಕೊಟ್ಟೆ. ಮುಂದಿನ ಪರೀಕ್ಷೆಯ ಹೊತ್ತು ಬಂದಿದೆ, ವಾಲ್ವು ತೆರೆಯುತ್ತದೆ. ಮತ್ತೆ ದೀಪದ ಕೆಲಸಕ್ಕೆ ಬಂದೆ. ಅದು ನೋಡಿಯಾಗಿದೆ. ಹಸಿರು ಹತ್ತಿಸುತ್ತದೆ.

ಪೆನ್ಸಿಲಿನ ಮೊನೆ ಮುರಿಯಿತು. ಸಾವಿರ ಸಲದಲ್ಲಿ ಒಂದು ಸಲ ಹಾಗಾಗಬಹುದು, ಮುಂದಿನ ಸಲವೇ ಆಗಬಹುದು. ರಾಯರ ಆ ನಾಲ್ಕು ಸಾಲುಗಳು ಎಲ್ಲ ಕೆಲಸಗಳನ್ನೂ ತಡೆದು ನಿಲ್ಲಿಸಿ, ಇನ್ನೊಮ್ಮೆ ನೋಡಿ, ಆಮೇಲೆ ದೀಪ ಹತ್ತಿಸುತ್ತಿದ್ದವು. ಮೊದಲು ನೆನಪಾದದ್ದು, ನಾಚಿಕೆಯ ಮಾತು, ನನ್ನ ಪ್ರೊಬೇಷನ್ನು. ಆಮೇಲೆ ಏಣಿಯ ಬಗ್ಗಿದ ಸಲಾಕೆಗಳು.

ಬಸ್ ನಿಲ್ದಾಣವೆಂದರೆ ಗೇಟಿನ ಎದುರಿನ ಒಂದು ಕಲ್ಲುಚಪ್ಪಡಿ. ನಂಜಪ್ಪ ಅದರ ಮೇಲೆ ಕೂತಿದ್ದರು. ಟವೆಲು ಹೆಗಲ ಮೇಲಿತ್ತು. ನನ್ನನ್ನು ಕಂಡು ಎದ್ದರು. ನಾನು ನೇರವಾಗಿ ಹೇಳಬೇಕೆಂದು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಟವೆಲು ಹಾಕುವುದು ಯಾಕೆ ನಂಜಪ್ಪನವರೇ?"

ಅವರು ಹೆಗಲಿನಿಂದ ಟವೆಲನ್ನು ಕೈಗೆ ತೆಗೆದುಕೊಂಡರು. "ನಮ್ದು ದೊಡ್ಡಬೆಳವಂಗಲದ ಕಡೆ. ನೀರುಗಂಟಿ ಮನೆತನ ಕಣಮ್ಮಾವ್ರೇ. ಕೆರೆ ತೂಬು ತೆಗ್ದು ಗದ್ದೆಗೆ ನೀರ್ ಬುಡೋರು. ತೂಬ್ನಾಗೆ ಕಸ ಕಟ್ಕಂಡ್ರೆ ಒಬ್ಬ ಒಳೀಕ್ ಇಳೀಬೇಕು. ಇಳಿಯೋನು ಅವನ ಟವೆಲ್ನ ತೂಬಿನ ಕಲ್ಲ್ ಮ್ಯಾಲೆ ಮಡಗ್ತಾನೆ. ಅದು ಇರೋಗಂಟ ಗೌಡ್ರೇ ಬಂದ್ರೂ ತೂಬ್ ಮುಟ್ಟಂಗಿಲ್ಲ. ಎದ್ದು ಬಂದೋನು ಅವ್ನೇ ತೆಗೀಬೇಕು. ಯಾರ್ದು ಅಂತ ಗೊತ್ತಾಗ್ಲಿ ಅಂತ ಈ ಹೊಲ್ಗೆ. ನಮ್ಮಪ್ಪಂದು ಎರಡು, ನಂದು ಮೂರು."

"ಆ ದಿನ ನಾನು ಮಡಿಸಿಟ್ಟಾಗ—"

"ನಮ್ಮ ದೊಡ್ಡಪ್ಪ ಇಳಿದಿದ್ರು ಒಂದ್ ದಿನ. ಮನೆಗೆ ಹೊಸಾ ಅಳಿಯ ಬಂದಿದ್ದ, ಬೇರೆ ಸೀಮೆಯೋನು. ಕಲ್ಲ್ ಮ್ಯಾಲೆ ಕೆಸರಾಗಿರೋ ಟವೆಲ್ ನೋಡ್ದ. ಮಾವನ ಟವೆಲ್ಲು ಅಂತ ಒಗ್ದು, ಲಂಟಾನ ಗಿಡದ ಮ್ಯಾಲೆ ಒಣಗಾಕ್ದ. ಒಳ್ಳೇದಕ್ಕೇ ಮಾಡಿದ್ದು ಪಾಪ. ಆಮೇಕೆ ನಮ್ಮ ಚಿಕ್ಕಪ್ಪ ಬಂದ್ರು. ಕಲ್ಲು ಬರಿದಾಗಿತ್ತು. ತೂಬ್ ತೆಗ್ದ್ರು." ಅವರು ಟವೆಲಿನ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡರು. "ದೊಡ್ಡಪ್ಪ ಏರಿ ಆಚೆ ಕಾಲುವೇಲಿ ಸಿಕ್ಕುದ್ರು. ಆ ಅಳಿಯ ಸಾಯೋಗಂಟ ಕೆರೆ ಕಡೆ ಮಖ ಹಾಕ್ಲಿಲ್ಲ."

ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.

"ಮನುಸ್ರಿಗೆ ಟವೆಲ್ ಕಾಣುತ್ತೆ. ನಿಮ್ಮ್ ಬೀರುಗೆ ಕಣ್ಣಿಲ್ವಲ್ಲ. ಅದ್ಕೇ ರಾಯರ್ನ ಕೇಳ್ಕಂಡಿದ್ದೆ, ಬೀರುಗೂ ಒಂದ್ ಟವೆಲ್ ಕೊಡಿ ಸ್ವಾಮಿ ಅಂತ. ನಕ್ಕಂಡು ಬರ್ಕೊಟ್ರು. ನಾಕು ಸಾಲು ಅಂತೆ. ಓದಿ ಏಳಿದ್ರು." ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. "ಅದು ಐತಲ್ವಾ ಅಮ್ಮಾವ್ರೇ?"



"ಇಲ್ಲ. ನಾನು ತೆಗೆದುಬಿಟ್ಟೆ. ಎರಡು ಸಲ ಬರೆದಿದ್ದಾರೆ ಅಂದುಕೊಂಡೆ."

ಅವರು ಕೂಗಲಿಲ್ಲ. ಮೆಲ್ಲಗೆ ಚಪ್ಪಡಿಯ ಮೇಲೆ ಕೂತರು. ಅವರಿಗೆ ಅಷ್ಟು ವಯಸ್ಸಾಗಿದೆ ಎಂದು ನನಗೆ ಅಲ್ಲಿಯ ತನಕ ತೋರಿರಲಿಲ್ಲ.

"ನಿಮ್ಮ ಮೇಲಿನ ತಪ್ಪು—" ಎಂದು ಶುರುಮಾಡಿದೆ.

"ನಂದು ಬುಡು ಮಗಾ." ಮೊದಲ ಸಲ ಹಾಗೆ ಕರೆದರು. "ನಾಳೀಕೆ ಒಂಬತ್ತಕ್ಕೆ ಮುನಿರಾಜ ಇಳೀತಾನೆ. ಅವನು ಪೈಪ್ ಮುಟ್ಟಿ ನೋಡಲ್ಲ. ಎಷ್ಟ್ ಏಳಿದ್ರೂ ನಗ್ತಾನೆ."

ಬಸ್ಸು ಬಂದು ನಿಂತಿತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಅವರು ನನ್ನ ಕಡೆ ನೋಡಲಿಲ್ಲ. ಶೆಡ್ಡಿನ ಮೇಲ್ಛಾವಣಿಯ ಕಡೆ ನೋಡುತ್ತಿದ್ದರು, ಬಾವಿ ಇದ್ದ ದಿಕ್ಕಿಗೆ. ಸೂಪರಿಂಟೆಂಡೆಂಟರ ಕೋಣೆಗೆ ಓಡಿದೆ. ಅವರ ಜೀಪು ಅದಾಗಲೇ ಬೆಂಗಳೂರಿಗೆ ಹೊರಟುಹೋಗಿತ್ತು, ಬರುವುದು ಬೆಳಿಗ್ಗೆಗೆ. ಮುನಿರಾಜುವೂ ಮೈ ಸರಿಯಿಲ್ಲವೆಂದು ಮನೆಗೆ ಹೋಗಿದ್ದ.

ಅಂದು ಸಂಜೆ ಅತ್ತೆಯ ಮನೆಯ ಎರಡೂ ಪಕ್ಕದಲ್ಲಿ ಮಗ್ಗಗಳು ಬಡಿಯುತ್ತಿದ್ದವು. ದಿನವೂ ಕೇಳುವ ಸದ್ದು. ಒಂದು ಮಗ್ಗ ಲಾಳಿ ಎಸೆಯುವ ಹೊತ್ತಿಗೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಒಂದಕ್ಕೆ ಇನ್ನೊಂದರ ಗೊಡವೆಯಿಲ್ಲ. ಎರಡೂ ಬಡಿತ ಒಟ್ಟಿಗೆ ಬೀಳುವುದು ಯಾವಾಗ ಎಂದು ಎಣಿಸುತ್ತ ಕೂತೆ. ಬಡಿಸಿದ ಅನ್ನ ಹಾಗೇ ಉಳಿಯಿತು. "ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರೇನೇ?" ಎಂದು ಅತ್ತೆ ಕೇಳಿದರು. ಯಾರೂ ಏನೂ ಅಂದಿಲ್ಲ ಎಂದೆ.

ನಂಜಪ್ಪನವರನ್ನು ಮತ್ತೆ ನಾನು ನೋಡಲಿಲ್ಲ. ಅವರ ಮೇಲಿನ ವಿಚಾರಣೆಯನ್ನು ಕೈಬಿಟ್ಟು, ಕೆಲಸಕ್ಕೆ ಬರಬೇಕೆಂದು ಪತ್ರ ಕಳಿಸಿದರು. ಅವರು ಒಂದೇ ದಿನ ಬಂದು, ಉಳಿದ ರಜೆಗೆಲ್ಲ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿ, ಶೆಡ್ಡಿನಿಂದ ತಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋದರಂತೆ. ಅಂದು ನಾನು ಹೇಳಿಕೆ ಕೊಡಲು ಬೆಂಗಳೂರಿಗೆ ಹೋಗಿದ್ದೆ. ಮರಳಿ ಬಂದಾಗ ನನ್ನ ಮೇಜಿನ ಮೇಲೆ ಪತ್ರಿಕೆಯ ಹಾಳೆಯಲ್ಲಿ ಸುಲಿದ ಚಕ್ಕೋತವಿತ್ತು. ಒಂದು ದಿನ ಹಳತಾಗಿ ತೊಳೆಗಳು ಒಣಗಿದ್ದವು. ಅದು ಕ್ಷಮೆಯೋ, ಬರೀ ಅಭ್ಯಾಸವೋ, ನನಗೆ ಗೊತ್ತಿಲ್ಲ. ಇದಾಗಿ ಎರಡು ವರ್ಷಕ್ಕೆ, ಮಳೆಗಾಲದಲ್ಲಿ, ಅವರು ತೀರಿಕೊಂಡರೆಂದು ಮುನಿರಾಜು ಹೇಳಿದ. ಅಷ್ಟು ಹೊತ್ತಿಗೆ ಅವನು ಇಳಿಯುವ ಮೊದಲು ಪೈಪಿನ ಮೇಲೆ ಅಂಗೈ ಇಡುತ್ತಿದ್ದ. ನಗುತ್ತಿರಲಿಲ್ಲ.

ಇದೆಲ್ಲ ಆಮೇಲಿನದು. ಆ ಬಸ್ಸು ಹೋದ ಮರುದಿನ ಬೆಳಿಗ್ಗೆ ನಾನು ಆರೂವರೆಯ ಮೊದಲ ಬಸ್ಸು ಹಿಡಿದೆ. ಕಾವಲುಗಾರನಿಂದ ಬೀಗದಕೈ ಕೇಳಿ ಪಡೆದು ಕಂಪ್ಯೂಟರಿನ ಕೋಣೆ ತೆರೆದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಯಂತ್ರದ ಹಿಂದೆ ಗೋಡೆಯ ಮೇಲೆ ಅದರ ಮುಖ್ಯ ಸ್ವಿಚ್ಚು ಇತ್ತು. ಮೂವರು ಅಧಿಕಾರಿಗಳ ಸಹಿಯಿಲ್ಲದೆ ಅದನ್ನು ಮುಟ್ಟಕೂಡದು. ನಾನು ಅದನ್ನು ಕೆಳಕ್ಕೆ ಎಳೆದೆ. ಫ್ಯಾನುಗಳ ಸದ್ದು ಮೆಲ್ಲನೆ ಇಳಿದು ನಿಂತಿತು. ಸೊಂಟದಲ್ಲಿದ್ದ ಕರವಸ್ತ್ರವನ್ನು ತೆಗೆದು ಸ್ವಿಚ್ಚಿನ ಹಿಡಿಗೆ ಹಾಕಿದೆ. ನಾಲ್ಕು ಮಡಿಕೆಯಾಗಿತ್ತು, ಇಸ್ತ್ರಿಯಾಗಿತ್ತು. ಹಿಂದಕ್ಕೆ ಸರಿದು ನೋಡಿದರೆ, ಯಾರೋ ಮರೆತು ಬಿಟ್ಟುಹೋದದ್ದರ ಹಾಗೆ ಚಿಕ್ಕದಾಗಿ ಕಂಡಿತು. ಮತ್ತೆ ತೆಗೆದು, ಮಡಿಕೆ ಬಿಚ್ಚಿ, ಮುದ್ದೆ ಮಾಡಿ, ಬಾಗಿಲಿನಿಂದಲೇ ಕಣ್ಣಿಗೆ ಬೀಳುವ ಹಾಗೆ ಹಾಕಿದೆ.

ಎಂಟೂವರೆಗೆ ಮುನಿರಾಜು ಬಂದ. "ಏನ್ ಮೇಡಮ್, ಬೀರು ಮಲಗ್ಬುಟ್ಟಿದೆ?" ಎಂದವನು ಕರವಸ್ತ್ರ ಕಂಡು ಮಾತು ನಿಲ್ಲಿಸಿದ.

"ಅದು ನನ್ನದು ಮುನಿರಾಜು. ನಾನು ಇಟ್ಟದ್ದು. ನಾನು ಬಂದು ತೆಗೆಯುವವರೆಗೆ ಯಾರೂ ಮುಟ್ಟಬಾರದು, ಯಾರೂ ಇಳಿಯಬಾರದು," ಎಂದು ಹೇಳಿ, ಹಳೆಯ ಸುರುಳಿ ಹೊಸ ಸುರುಳಿ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು, ಜೀಪಿನ ಸದ್ದು ಕೇಳಿಸಿದ ಕಡೆಗೆ ಹೊರಟೆ.